ದೊಡ್ಡ ಲೈವ್ ಇರುವ ದಿನ ವಿಡಿಯೊ ನಿಲ್ಲದಂತೆ ನೋಡುವುದು, ಕಳುಹಿಸುವುದು ಹೇಗೆ?

ಕಂಬಳದ ಫೈನಲ್ ಓಟ. ಕೋಣಗಳು ಅರ್ಧ ಕರೆ (ಓಟದ ಕೆಸರುಗದ್ದೆ) ದಾಟಿವೆ, ಅಷ್ಟರಲ್ಲಿ ನಿಮ್ಮ ಫೋನಿನಲ್ಲಿ ಬಿಳಿ ಚಕ್ರ ಸುತ್ತಲು ಶುರು. ಮತ್ತೆ ಚಿತ್ರ ಬರುವಾಗ ಗೆದ್ದವರು ಕೋಣಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಉಡುಪಿ ಪರ್ಯಾಯದ ನಸುಕು, ಕುದ್ರೋಳಿ ದಸರಾ ಮೆರವಣಿಗೆಯ ರಾತ್ರಿ, ಭಾರತ ಫೈನಲ್ ಆಡುವ ಭಾನುವಾರ, ಎಲ್ಲಾ ದಿನವೂ ಇದೇ ಕತೆ. ಆಗ ನಾವು ಮಾಡುವುದು ಎರಡೇ ಕೆಲಸ: ಕೇಬಲ್‌ನವರಿಗೆ ಫೋನ್ ಮಾಡಿ ಬೈಯುವುದು, ಇಲ್ಲವೇ ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳುವುದು. ಎರಡರಿಂದಲೂ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಯಾಕೆಂದರೆ ವಿಡಿಯೊ ಎಲ್ಲಿ ಸಿಕ್ಕಿಕೊಂಡಿದೆ ಎಂದು ನಾವು ನೋಡಿಯೇ ಇರುವುದಿಲ್ಲ.

ಲೈವ್ ಯಾಕೆ ಇಷ್ಟು ಭಾರ?

ಟಿವಿ ಪ್ರಸಾರ ಜಾತ್ರೆಯ ಮೈಕಿನ ಹಾಗೆ. ಹತ್ತು ಜನ ಕೇಳಲಿ, ಹತ್ತು ಸಾವಿರ ಜನ ಕೇಳಲಿ, ಕೂಗುವುದು ಒಂದೇ ಸಲ. ಇಂಟರ್ನೆಟ್ ಲೈವ್‌ನಲ್ಲಿ ಹಾಗಲ್ಲ. ನೋಡುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗುತ್ತದೆ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು. ಒಬ್ಬರಿಗೆ ಸೆಕೆಂಡಿಗೆ ಬರೀ 2 ಮೆಗಾಬಿಟ್ ಎಂದು ಹಿಡಿದರೂ ಒಟ್ಟು ಸೆಕೆಂಡಿಗೆ 11.8 ಕೋಟಿ ಮೆಗಾಬಿಟ್ ಆಯಿತು!

ಹಳೇ ಸಿನಿಮಾ ಆದರೆ ಕಂಪನಿಗಳು ಅದನ್ನು ಮೊದಲೇ ನಮ್ಮ ಊರಿಗೆ ಹತ್ತಿರದ ಸರ್ವರ್‌ಗಳಿಗೆ ತುಂಬಿಸಿ ಇಡುತ್ತವೆ, ಜನರೂ ತಮ್ಮ ತಮ್ಮ ಹೊತ್ತಿಗೆ ನೋಡುತ್ತಾರೆ. ಲೈವ್ ಅನ್ನು ಮೊದಲೇ ತಂದಿಡುವುದು ಹೇಗೆ? ಓಟ ಈಗಷ್ಟೇ ನಡೆಯುತ್ತಿದೆ, ಎಲ್ಲರಿಗೂ ಈಗಲೇ ಬೇಕು. ದುಡ್ಡಿಗೆ ಕೊರತೆ ಇಲ್ಲದ ನೆಟ್‌ಫ್ಲಿಕ್ಸ್ ಕೂಡ 2024ರ ನವೆಂಬರಿನಲ್ಲಿ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಅವರ ಬಾಕ್ಸಿಂಗ್ ತೋರಿಸುವಾಗ ಬೆವರಿತು. ಒಂದೇ ಹೊತ್ತಿಗೆ 6.5 ಕೋಟಿ ಸ್ಟ್ರೀಮ್, ಎಲ್ಲಿ ನೋಡಿದರೂ ಬಫರಿಂಗ್ ದೂರು.

ಎಲ್ಲಿ ಸಿಕ್ಕಿಕೊಂಡಿದೆ, ಮೊದಲು ಅದು

ಚಕ್ರ ಸುತ್ತಿದ ಕೂಡಲೇ ಅದೇ ಫೋನಿನಲ್ಲಿ ಯೂಟ್ಯೂಬಿನ ಯಾವುದಾದರೂ ಹಳೇ ವಿಡಿಯೊ ಹಾಕಿ. ಅದು ಸಲೀಸಾಗಿ ಓಡಿದರೆ ಹೆಚ್ಚಾಗಿ ನಿಮ್ಮ ನೆಟ್ ಸರಿ ಇದೆ, ತೊಂದರೆ ಲೈವ್ ಕಳುಹಿಸುವ ಕಡೆಯದ್ದು. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಪ್ರಯೋಜನ ಇಲ್ಲ, ಕೇಬಲ್‌ನವರೂ ಏನೂ ಮಾಡಲಾರರು. ಹಳೇ ವಿಡಿಯೊ ಕೂಡ ನಿಂತರೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಆಗ ಓಡಿತೇ? ಹಾಗಾದರೆ ತೊಂದರೆ ಮನೆಯೊಳಗೆ, ಇಲ್ಲವೇ ಮನೆಗೆ ಬರುವ ಲೈನಿನಲ್ಲಿ.

ಸ್ಪೀಡ್ ಟೆಸ್ಟ್ ಆ್ಯಪನ್ನು ತುಂಬಾ ನಂಬಬೇಡಿ. ಅದು ಸಾಮಾನ್ಯವಾಗಿ ಹತ್ತಿರದ ಸರ್ವರ್‌ವರೆಗಿನ ವೇಗವನ್ನು ತೋರಿಸುತ್ತದೆ. ನಿಮ್ಮ ಲೈವ್ ಬರುತ್ತಿರುವ ಸರ್ವರಿನ ಗತಿ ಏನು ಎಂದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು, ಇದನ್ನು ಯಾರೂ ನೋಡುವುದೇ ಇಲ್ಲ: ದಿನದ ಡೇಟಾ ಮುಗಿದಿದೆಯಾ? ಸೆಕೆಂಡಿಗೆ 5 ಮೆಗಾಬಿಟ್‌ನಲ್ಲಿ ಬರುವ ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 2.2 ಜಿಬಿ ನುಂಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಮೊದಲ ಇನ್ನಿಂಗ್ಸ್ ಕೂಡ ಮುಗಿಯುವುದಿಲ್ಲ. ಆಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಅದರಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋದರೆ ಪುಣ್ಯ.

ಮನೆಯೊಳಗಿನ ಕೆಲಸ

ಇದು ಸುಲಭ. ಮನೆಯಲ್ಲಿ ಐದು ಜನ ಐದು ಫೋನಿನಲ್ಲಿ ಒಂದೇ ಮ್ಯಾಚ್ ನೋಡುತ್ತಿದ್ದರೆ ಐದು ಪ್ರತಿ ಬರುತ್ತಿದೆ ಎಂದರ್ಥ. ಟಿವಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಆ ಟಿವಿಗೆ ರೌಟರಿನಿಂದ ಲ್ಯಾನ್ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ದಾಟುವಾಗ 5 ಗಿಗಾಹರ್ಟ್ಸ್ ವೈಫೈ ಸುಸ್ತಾಗುತ್ತದೆ, 2.4 ಗಿಗಾಹರ್ಟ್ಸ್ ವೈಫೈ ಅಷ್ಟು ಬೇಗ ಸುಸ್ತಾಗುವುದಿಲ್ಲ. ರೌಟರ್ ಇರುವ ಕೋಣೆಯಲ್ಲೇ ನೋಡುವುದಾದರೆ 5, ಒಳಕೋಣೆಯಲ್ಲಾದರೆ 2.4, ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಆಮೇಲೆ ಕ್ವಾಲಿಟಿ. ಆಟೊದಲ್ಲಿ ಬಿಟ್ಟರೆ ಆ್ಯಪ್ ಕೆಲವು ಸೆಕೆಂಡಿನ ತುಂಡುಗಳನ್ನಾಗಿ ವಿಡಿಯೊ ತರಿಸಿಕೊಳ್ಳುತ್ತದೆ. ನೆಟ್ ಚೆನ್ನಾಗಿದ್ದರೆ ಮುಂದಿನ ತುಂಡು ದೊಡ್ಡದು, ಇಲ್ಲದಿದ್ದರೆ ಸಣ್ಣದು. ಮಾಮೂಲಿ ದಿನಕ್ಕೆ ಇದು ಸರಿ. ಆದರೆ ನೆಟ್ ಮೇಲೆ ಕೆಳಗೆ ಓಲಾಡುವ ದಿನ ಅದು ಆಸೆಪಟ್ಟು ಮೇಲೆ ಹಾರುತ್ತದೆ, ಬಿದ್ದು ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಅಂಥ ದಿನ ನೀವೇ 480ಕ್ಕೆ ಇಳಿಸಿ ಸುಮ್ನೆ ಕೂರಿ. ಆರು ಇಂಚಿನ ಫೋನಿನಲ್ಲಿ 480ಕ್ಕೂ 1080ಕ್ಕೂ ಏನು ಮಹಾ ವ್ಯತ್ಯಾಸ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾಗಿ ಇಡೀ ದೇಶ ಮನೆಯಲ್ಲಿ ಕುಳಿತಾಗ ವಿಡಿಯೊ ಕಂಪನಿಗಳೇ ಸೇರಿ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಇದೇ 480ರ ಮಿತಿ ಹಾಕಿದ್ದವು.

ಮ್ಯಾಚ್ ನಡುವೆ ಸುಮ್ಮನೆ ಆ್ಯಪ್‌ನಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಡಿ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ರನೌಟ್ ಆದಾಗ ಹಾಟ್‌ಸ್ಟಾರ್‌ನಲ್ಲಿ 2.5 ಕೋಟಿ ಜನ ಇದ್ದರು, ನೋಡನೋಡುತ್ತಿದ್ದಂತೆ ಹೆಚ್ಚಿನವರು ಎದ್ದು ಹೋದರು. ಎದ್ದು ಹೋಗುವುದೂ ಸರ್ವರಿಗೆ ಭಾರವೇ, ಯಾಕೆಂದರೆ ಬ್ಯಾಕ್ ಒತ್ತಿದ ಅಷ್ಟೂ ಜನರಿಗೆ ಅದು ಒಮ್ಮೆಲೇ ಹೋಮ್‌ಪೇಜ್ ತೋರಿಸಬೇಕು. ಲಾಗಿನ್, ಆ್ಯಪ್ ಅಪ್‌ಡೇಟ್, ಹಣ ಕಟ್ಟುವುದು ಎಲ್ಲಾ ಹಿಂದಿನ ದಿನವೇ ಮುಗಿಸಿ.

ಪಕ್ಕದ ಮನೆಯವರು ಸಿಕ್ಸರಿಗೆ ಅರ್ಧ ನಿಮಿಷ ಮೊದಲೇ ಬೊಬ್ಬೆ ಹಾಕುತ್ತಾರೆ ಎಂಬ ದುಃಖಕ್ಕೆ ಮದ್ದು ಡಿಶ್ ಅಥವಾ ಕೇಬಲ್ ಟಿವಿ. 2007ರ ಕಾನೂನಿನಂತೆ ಭಾರತ ಆಡುವ ಮುಖ್ಯ ಕ್ರಿಕೆಟ್ ಪಂದ್ಯಗಳ ಪ್ರಸಾರವನ್ನು ದೂರದರ್ಶನದ ಜತೆಗೂ ಹಂಚಿಕೊಳ್ಳಬೇಕು. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೂ ಇಲ್ಲ. ಮಳೆಗಾಲದ ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ, ಅದು ಬಿಟ್ಟರೆ ಎಷ್ಟು ಕೋಟಿ ಜನ ನೋಡಿದರೂ ನಿಲ್ಲುವ ಪ್ರಶ್ನೆಯೇ ಇಲ್ಲ.

ನೀವೇ ಲೈವ್ ಕೊಡುವುದಾದರೆ

ಕರಾವಳಿಯಲ್ಲಿ ಈಗ ಇದೇ ದೊಡ್ಡ ವಿಷಯ ಅಲ್ವಾ? ಯಕ್ಷಗಾನ, ಬ್ರಹ್ಮಕಲಶ, ಕಂಬಳ, ಮದುವೆ, ಎಲ್ಲದಕ್ಕೂ ಲೈವ್ ಬೇಕು. ಮುಂಬೈ, ದುಬೈ, ಮಸ್ಕತ್‌ನಲ್ಲಿ ಇರುವವರು ಕಾದು ಕುಳಿತಿರುತ್ತಾರೆ.

ಮೊದಲ ಮಾತು: ಡೌನ್‌ಲೋಡ್ ವೇಗ ನೋಡಬೇಡಿ, ಅಪ್‌ಲೋಡ್ ನೋಡಿ. ಮೊಬೈಲ್ ನೆಟ್‌ವರ್ಕ್ ಕೆಳಗೆ ಕಳುಹಿಸುವುದಕ್ಕೆ ಜಾಸ್ತಿ ಜಾಗ ಇಟ್ಟಿರುತ್ತದೆ, ಮೇಲೆ ಕಳುಹಿಸುವುದಕ್ಕೆ ಕಡಿಮೆ. ಆ ಕಡಿಮೆ ಜಾಗಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗುತ್ತಾರೆ. ಉಡುಪಿಯ ಜೋಡುಕಟ್ಟೆಯಿಂದ ಪರ್ಯಾಯ ಮೆರವಣಿಗೆ ಹೊರಡುವಾಗ ರಸ್ತೆಬದಿಯಲ್ಲಿ ನಿಂತು ನೋಡಿ, ಫುಲ್ ರೇಂಜ್ ಇರುತ್ತದೆ, ಫೋಟೊ ಮಾತ್ರ ಹೋಗುವುದಿಲ್ಲ. ರೇಂಜ್‌ನ ಕಡ್ಡಿಗಳು ಟವರ್ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಹೇಳುತ್ತವೆ, ಟವರಿಗೆ ಪುರುಸೊತ್ತು ಇದೆಯಾ ಎಂದಲ್ಲ. ಹಾಗಾಗಿ ಹಿಂದಿನ ದಿನ ಖಾಲಿ ಗದ್ದೆಯಲ್ಲಿ ನಿಂತು ಟೆಸ್ಟ್ ಮಾಡಿ ಖುಷಿಪಡಬೇಡಿ, ಅದು ಜನ ಇಲ್ಲದ ಲೆಕ್ಕ.

ಮಾಡಬೇಕಾದದ್ದು ಇಷ್ಟು. ಹತ್ತಿರದ ಮನೆಗೋ ಅಂಗಡಿಗೋ ಫೈಬರ್ ಇದೆಯಾ ವಿಚಾರಿಸಿ, ಅವರ ರೌಟರಿನಿಂದ ಲ್ಯಾನ್ ಕೇಬಲ್ ಎಳೆಯಿರಿ. ಈ ಕೇಬಲಿನ ಮಿತಿ 100 ಮೀಟರ್. ಅದಕ್ಕಿಂತ ದೂರ ಆದರೆ ನಡುವೆ ನೆಟ್‌ವರ್ಕ್ ಸ್ವಿಚ್ ಎಂಬ ಪೆಟ್ಟಿಗೆ ಹಾಕಬೇಕು, ಇಲ್ಲವೇ ಲೋಕಲ್ ಕೇಬಲ್‌ನವರಿಗೆ ಹೇಳಿ ಎರಡು ದಿನಕ್ಕೆ ಫೈಬರನ್ನೇ ಎಳೆಸಬೇಕು. ಖರ್ಚು ಅನಿಸಬಹುದು. ಕ್ಯಾಮೆರಾಕ್ಕೂ ಡ್ರೋನ್‌ಗೂ ಲಕ್ಷ ಸುರಿದು ನೆಟ್‌ಗೆ ಮಾತ್ರ ಒಂದು ಸಿಮ್ ನಂಬುವುದು ನನಗಂತೂ ಅರ್ಥವಾಗದ ಲೆಕ್ಕ. ಫೈಬರ್ ಸಿಗಲೇ ಇಲ್ಲ ಎಂದಾದರೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಹಲವು ಸಿಮ್‌ಗಳನ್ನು ಒಟ್ಟು ಸೇರಿಸಿ ಕಳುಹಿಸುವ ಬಾಂಡಿಂಗ್ ಯಂತ್ರ ಬಾಡಿಗೆಗೆ ಸಿಕ್ಕರೆ ಬಿಡಬೇಡಿ.

ಅಪ್‌ಲೋಡ್ ಎಷ್ಟು ಸಿಗುತ್ತದೋ ಅದರ ಅರ್ಧವನ್ನು ಮಾತ್ರ ಬಳಸಿ. 8 ಮೆಗಾಬಿಟ್ ಸಿಕ್ಕರೆ 4ರಲ್ಲಿ 720 ಕಳುಹಿಸಿ, 1080ರ ಆಸೆ ಬೇಡ. ಯಕ್ಷಗಾನಕ್ಕೆ ಇದು ಧಾರಾಳ. ರಂಗಸ್ಥಳ ಅಲುಗಾಡುವುದಿಲ್ಲ, ಹಿಂದಿನ ಪರದೆ ಅಲ್ಲೇ ಇರುತ್ತದೆ, ಬದಲಾಗುವುದು ವೇಷಗಳು ಮಾತ್ರ. ವಿಡಿಯೊ ಕುಗ್ಗಿಸುವ ತಂತ್ರಾಂಶ ಬದಲಾಗದ ಭಾಗವನ್ನು ಮತ್ತೆ ಮತ್ತೆ ಕಳುಹಿಸುವುದಿಲ್ಲ. ಕಂಬಳದಲ್ಲಿ ಅದಕ್ಕೆ ಉಳಿತಾಯವೇ ಇಲ್ಲ. ಕೋಣ ಓಡುತ್ತದೆ, ಕ್ಯಾಮೆರಾ ಅದರ ಹಿಂದೆ ತಿರುಗುತ್ತದೆ, ಕೆಸರು ನೀರು ಆಳೆತ್ತರಕ್ಕೆ ಹಾರುತ್ತದೆ, ಒಂದೊಂದು ಹನಿಯೂ ಹೊಸತು. ಅದಕ್ಕೇ ಅಷ್ಟೇ ಮೆಗಾಬಿಟ್‌ನಲ್ಲಿ ಯಕ್ಷಗಾನ ಚಂದ ಕಂಡು ಕಂಬಳ ಚೌಕ ಚೌಕವಾಗಿ ಒಡೆದು ಕಾಣುವುದು. ಒಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ಇಟ್ಟು ಇಡೀ ಕರೆ ಕಾಣುವ ಹಾಗೆ ಮಾಡಿದರೆ ಭಾರ ಎಷ್ಟೋ ಇಳಿಯುತ್ತದೆ. ರಾತ್ರಿಯ ಓಟಕ್ಕೆ ಲೈಟ್ ಜಾಸ್ತಿ ಹಾಕಿಸಿ, ಕತ್ತಲಲ್ಲಿ ಚಿತ್ರದ ಮೇಲೆ ಬರುವ ಮರಳಿನಂಥ ಚುಕ್ಕೆಗಳೂ ಡೇಟಾ ತಿನ್ನುತ್ತವೆ.

ಯೂಟ್ಯೂಬಿನಲ್ಲಿ ಮೊದಲ ಸಲ ಲೈವ್ ಶುರು ಮಾಡಲು ಅನುಮತಿ ಬರುವುದಕ್ಕೆ 24 ಗಂಟೆವರೆಗೂ ಹಿಡಿಯಬಹುದು. ಫೋನಿನಿಂದ ಕೊಡುವುದಾದರೆ ಚಾನೆಲಿಗೆ ಕನಿಷ್ಠ 50 ಚಂದಾದಾರರು ಬೇಕು. ಬೆಳಗ್ಗೆ ಕರೆ ಬದಿಗೆ ಹೋಗಿ ಚಾನೆಲ್ ತೆರೆಯುವ ಯೋಚನೆ ಬಿಡಿ. ಲೇಟೆನ್ಸಿ (ಚಿತ್ರ ತಲುಪಲು ಹಿಡಿಯುವ ಹೊತ್ತು) ಎಂಬ ಆಯ್ಕೆಯಲ್ಲಿ ನಾರ್ಮಲ್ ಇಡಿ. ಬೇಗ ತಲುಪಲಿ ಎಂದು ಅಲ್ಟ್ರಾ ಲೋ ಹಾಕಿದರೆ ನೋಡುವವರ ಬಳಿ ಮುಂಗಡ ಸಂಗ್ರಹ ಉಳಿಯುವುದಿಲ್ಲ, ನೆಟ್ ಎರಡು ಸೆಕೆಂಡ್ ಮುಗ್ಗರಿಸಿದರೂ ಚಕ್ರ. ಫೋನಿಗೆ ನೆರಳು ಮಾಡಿ, ಬಿಸಿಲಿಗೆ ಕಾದರೆ ತಾನೇ ನಿಧಾನವಾಗುತ್ತದೆ. ಕಾಲ್ ಬಂದರೆ ಲೈವ್ ಕಡಿಯಬಹುದು, ಆದ್ದರಿಂದ ಯಾರಿಗೂ ನಂಬರ್ ಗೊತ್ತಿಲ್ಲದ ಸಿಮ್ ಹಾಕಿ.

ಕೊನೆಯದು ಸಂಘಟಕರಿಗೆ. ತುಂಬಾ ಜನ ಸೇರುವ ಕಡೆಗೆ ಮೊಬೈಲ್ ಕಂಪನಿಗಳು ಗಾಡಿಯ ಮೇಲೆ ತಾತ್ಕಾಲಿಕ ಟವರ್ ತಂದು ನಿಲ್ಲಿಸುವುದುಂಟು. ಆಮಂತ್ರಣ ಪತ್ರಿಕೆ ಪ್ರಿಂಟಿಗೆ ಹೋಗುವ ಹೊತ್ತಿಗೇ ಕಂಪನಿಗಳಿಗೂ ಒಂದು ಪತ್ರ ಹಾಕಿ, ದಿನಾಂಕ, ಜಾಗ, ಎಷ್ಟು ಜನ ಬರುತ್ತಾರೆ ಎಂಬುದನ್ನು ಬರೆಯಿರಿ. ಮತ್ತೆ, ಲೈವ್ ಹೋಗುತ್ತಿದ್ದರೂ ಕ್ಯಾಮೆರಾದ ಕಾರ್ಡಿನಲ್ಲಿ ರೆಕಾರ್ಡಿಂಗ್ ಓಡುತ್ತಲೇ ಇರಲಿ. ನೆಟ್ ಎಲ್ಲಿ ಕಡಿದಿದ್ದರೂ ಮನೆಗೆ ಹೋಗಿ ಫೈಬರಿನಲ್ಲಿ ಪೂರ್ತಿ ಓಟವನ್ನು ಹಾಕಬಹುದು, ಆಗ ಬೇಕಾದರೆ 1080ರಲ್ಲೇ ಹಾಕಿ.