ಒಂದು ಸಿಲಿಂಡರ್ ಕೈಕೊಟ್ಟರೆ ಇಂಜಿನ್ ಬಿಚ್ಚಲೇಬೇಕೇ?

ಕಾರು ನಿಂತಲ್ಲೇ ನಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಸೈಲೆನ್ಸರ್‌ನ ಸದ್ದು ತಾಳ ತಪ್ಪಿದೆ. ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂಬುದರ ಲಕ್ಷಣಗಳಿವು. ‘ಇಂಜಿನ್ ಹೋಯಿತು, ಬಿಚ್ಚಬೇಕು’ ಎಂಬ ಮಾತು ಇಂಥ ಹೊತ್ತಿನಲ್ಲಿ ಬಹಳ ಬೇಗ ಬಂದುಬಿಡುತ್ತದೆ. ಒಪ್ಪಿಕೊಳ್ಳುವ ಮುನ್ನ ಅಳತೆ ಕೇಳಿ. ಪರೀಕ್ಷೆಯ ಅಂಕಿ ಕೈಯಲ್ಲಿಲ್ಲದೆ ಇಂಜಿನ್ ಬಿಚ್ಚುವುದು ತಪ್ಪು. ಪೆಟ್ರೋಲ್ ಇಂಜಿನ್‌ನಲ್ಲಿ ಹುಡುಕುವ ಕ್ರಮ ಹೀಗಿದೆ.

ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಗಾಡಿ ನಿಲ್ಲಿಸಿ. ಉರಿಯದೆ ಹೊರಬಿದ್ದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಹೊತ್ತಿಕೊಂಡು ಅದನ್ನೇ ಕರಗಿಸಬಲ್ಲದು.

ನಂತರ ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0301 ಎಂಬ ಕೋಡ್ ಬಂದರೆ ಸರಿಯಾಗಿ ಉರಿಯದ್ದು ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಪಿ0300 ಮಾತ್ರ ಬಂದರೆ ತೊಂದರೆ ಒಂದೇ ಸಿಲಿಂಡರಿಗೆ ಸೇರಿದ್ದಲ್ಲ. ಆಗ ಗಾಳಿಯ ಸೋರಿಕೆ, ಇಂಧನದ ಒತ್ತಡದಂಥ ಎಲ್ಲಕ್ಕೂ ಸಂಬಂಧಿಸಿದ ಭಾಗಗಳನ್ನು ಮೊದಲು ನೋಡಬೇಕು.

ಒಂದೊಂದು ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ (ಪ್ಲಗ್‌ನಲ್ಲಿ ಕಿಡಿ ಹಾರಿಸುವ ವಿದ್ಯುತ್ ಕೊಡುವ ಭಾಗ) ಇರುವ ಇಂಜಿನ್‌ಗಳಲ್ಲಿ ಕಾಸಿನ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಪಿ0303 ಬಂದಿದೆ ಎನ್ನೋಣ. ಮೂರನೇ ಸಿಲಿಂಡರಿನ ಕಾಯಿಲ್ ಅನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಪಿ0303 ಇದ್ದದ್ದು ಪಿ0302 ಆದರೆ ಕಾಯಿಲ್ಲೇ ಕೆಟ್ಟಿದೆ. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅನ್ನು ಹೀಗೆಯೇ ಅದಲುಬದಲು ಮಾಡಿ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದೇ ತಿಳಿಯದು. ಬಿಚ್ಚಿದ ಪ್ಲಗ್ ಅನ್ನು ಬೆಳಕಿಗೆ ಹಿಡಿದು ನೋಡಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡು ಮೆತ್ತಿಕೊಂಡಿದ್ದರೆ ಆಯಿಲ್ ಒಳಗೆ ಇಳಿಯುತ್ತಿದೆ. ಉಳಿದವುಗಳಿಗೆ ಬಣ್ಣವಿದ್ದು ಅದೊಂದೇ ತೊಳೆದಂತೆ ಶುಭ್ರವಾಗಿದ್ದರೆ ಕೂಲೆಂಟ್ ಸೋರುತ್ತಿರುವ ಅನುಮಾನ.

ಇವೆಲ್ಲ ಸರಿಯಿದ್ದರೆ ಕಂಪ್ರೆಷನ್, ಎಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ, ನೋಡುವ ಹೊತ್ತು. ಇಂಜಿನ್ ಬೆಚ್ಚಗಿರಲಿ, ಬ್ಯಾಟರಿ ತುಂಬಿರಲಿ. ಇಂಧನ, ಇಗ್ನಿಷನ್ ಎರಡನ್ನೂ ಕಡಿತಗೊಳಿಸಿ, ಎಲ್ಲ ಪ್ಲಗ್‌ಗಳನ್ನೂ ತೆಗೆಯಿರಿ. ಪ್ಲಗ್ ರಂಧ್ರಕ್ಕೆ ಕಂಪ್ರೆಷನ್ ಗೇಜ್ ಜೋಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸ್ಟಾರ್ಟರ್ ತಿರುಗಿಸಿ, ಪ್ರತಿ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಸರಿಯಾದ ಅಂಕಿ ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಆದರೆ ಸಿಲಿಂಡರ್‌ಗಳ ನಡುವಿನ ಅಂತರವೇ ಹೆಚ್ಚು ಮಾತನಾಡುತ್ತದೆ. ಮೂರು ಸಿಲಿಂಡರ್‌ಗಳಲ್ಲಿ 170 ಪಿಎಸ್‌ಐ (ಒತ್ತಡದ ಅಳತೆ) ಬಂದು ಉಳಿದೊಂದರಲ್ಲಿ 90 ಬಂದರೆ ರೋಗ ಒಳಗಿದೆ. ಅಕ್ಕಪಕ್ಕದ ಎರಡೂ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೋರಿಕೆ ತಡೆಯುವ ಪದರ) ಒಡೆದಿರಬಹುದು.

ಕುಸಿದ ಸಿಲಿಂಡರಿಗೆ ಒಂದು ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜಿಗಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇಲ್ಲೊಂದು ಎಚ್ಚರಿಕೆ: ಉರಿಯದ ಪೆಟ್ರೋಲ್ ಬೋರಿನ ಆಯಿಲ್ ಪದರವನ್ನು ತೊಳೆದಿದ್ದರೂ ಅಂಕಿ ಹೀಗೆಯೇ ಜಿಗಿಯುತ್ತದೆ. ಆದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಬಾರದು.

ಲೀಕ್‌ಡೌನ್ ಪರೀಕ್ಷೆ ಇದಕ್ಕಿಂತ ಖಚಿತ. ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಪ್ಲಗ್ ರಂಧ್ರದಿಂದ ಗಾಳಿ ತುಂಬಿ ಕಿವಿಗೊಡಬೇಕು. ಆಯಿಲ್ ಮುಚ್ಚಳದಲ್ಲಿ ಸುಯ್ ಎಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ಕೊಳವೆಯಲ್ಲಾದರೆ ಇನ್‌ಟೇಕ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್‌ನಲ್ಲೇ ಬಿರುಕು. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ತಟ್ಟನೆ ತಿರುಗಬಹುದು, ಬೆಲ್ಟಿನ ಬಳಿ ಕೈ ಬೇಡ.

ಪೂರ್ತಿ ಇಂಜಿನ್ ಕೆಲಸದ ಮಾತು ಬರಬೇಕಾದದ್ದು ಈಗ. ವಾಲ್ವ್ ಸೋರುತ್ತಿದ್ದರೆ ಮೊದಲು ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಅಳೆಯಿರಿ. ಈ ಸಂದು ತೀರಾ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಸೋರುತ್ತದೆ. ಅದು ಸರಿಯಿದ್ದರೆ ಹೆಡ್ ಮಾತ್ರ ಇಳಿಸಿದರೆ ಸಾಕು. ರಿಂಗ್ ಸವೆದು, ನೀಲಿ ಹೊಗೆ ಬಂದು, ಆಯಿಲ್ ತಗ್ಗುತ್ತಿದ್ದರೆ ಮಾತ್ರ ಪೂರ್ತಿ ಬಿಚ್ಚುವುದರಲ್ಲಿ ಅರ್ಥವಿದೆ. ಆಗಲೂ ಹೊಸ ರಿಂಗ್ ತೊಡಿಸಿ ಮುಗಿಸಲು ಬಿಡಬೇಡಿ. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಸಿ. ಅಂಡಾಕಾರಕ್ಕೆ ತಿರುಗಿದ ಬೋರಿನಲ್ಲಿ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ. ರೀಬೋರ್ ಮಾಡಿಸುವುದಾದರೆ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಸಿಗುತ್ತದೆಯೇ ವಿಚಾರಿಸಿ, ಅದು ಕೈಗೆ ಬಂದ ಮೇಲೆಯೇ ಬೋರ್ ಕೊರೆಸಿ. ಇದರ ಬದಲು ಬಳಸಿದ ಇಂಜಿನ್ ಕೊಳ್ಳುವ ಯೋಚನೆಯಿದ್ದರೆ, ಹಣ ಕೊಡುವ ಮೊದಲು ಅದಕ್ಕೂ ಇದೇ ಕಂಪ್ರೆಷನ್ ಗೇಜ್ ಹಾಕಿಸಿ ನೋಡಿ.