ಈ ಅಂಕಿಗೆ ಸಾಕ್ಷಿ ಎಲ್ಲಿದೆ?

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಕೋಡ್ (ಪ್ರತಿ ಕಾಯಿಲೆಗೂ ಗೊತ್ತುಪಡಿಸಿದ ಅಕ್ಷರ-ಅಂಕಿಗಳ ಗುರುತು) ಹಾಕುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೋಗಿಗೆ ನಾನು ಇಲ್ಲದ ಹೃದಯಾಘಾತವನ್ನು ಅಂಟಿಸಿದ್ದೆ. ಹೊರರೋಗಿ ವಿಭಾಗದ ಚಾರ್ಟ್‌ನಲ್ಲಿ ಇದ್ದದ್ದು 'ಎದೆನೋವು, ಹೃದಯಾಘಾತದ ಶಂಕೆ' ಎಂದಷ್ಟೇ. ಹೃದಯಾಘಾತದ ಕೋಡ್ ಐ21.9 ಎಂದು ಒತ್ತಿಬಿಟ್ಟೆ. ಒಳರೋಗಿಯಾಗಿದ್ದು, ಬಿಡುಗಡೆಯ ಹೊತ್ತಿಗೂ ಶಂಕೆ ಹಾಗೆಯೇ ಉಳಿದಿದ್ದರೆ ಆ ಕೋಡ್ ನಡೆಯುತ್ತಿತ್ತು. ಹೊರರೋಗಿಗೆ ಕಂಡ ಲಕ್ಷಣದ ಕೋಡ್ ಮಾತ್ರ: ಆರ್07.9, ಎದೆನೋವು. ಆಡಿಟ್ ಮಾಡಿದವರು ಹಿಡಿದರು, ಬಿಲ್ ಹೋಗಲಿಲ್ಲ.

ಈಗ ಕಲಿಸುವವಳಾಗಿ ಮೊದಲ ವಾರ ನಾನು ಕಂಪ್ಯೂಟರ್ ತೆರೆಯಲು ಬಿಡುವುದಿಲ್ಲ. ನರ್ಸಿಂಗ್, ಫಾರ್ಮಸಿ ಓದಿ ಬಂದವರಿಗೆ ರೋಗ ಗೊತ್ತು. ಹಾಗಾಗಿ ವೈದ್ಯರು ಬರೆಯದೆ ಬಿಟ್ಟದ್ದನ್ನೂ ತಾವೇ ತುಂಬಿಕೊಳ್ಳುತ್ತಾರೆ. ಹೆಸರು ತೆಗೆದ ಚಾರ್ಟ್‌ಗಳ ಪ್ರತಿ ಕೊಟ್ಟು, ಕೋಡ್‌ನ ಪ್ರತಿ ಅಂಕಿಯಿಂದಲೂ ಅದಕ್ಕೆ ಸಾಕ್ಷಿಯಾದ ಚಾರ್ಟಿನ ಸಾಲಿಗೆ ಗೆರೆ ಎಳೆಯಿರಿ ಎನ್ನುತ್ತೇನೆ. ಎಸ್52.501ಎ ತೆಗೆದುಕೊಳ್ಳಿ. ಎಸ್52 ಎಂದರೆ ಮುಂಗೈ ಮೂಳೆ ಮುರಿತ, ಮುಂದಿನ 50 ಎಂದರೆ ರೇಡಿಯಸ್ ಮೂಳೆಯ ಕೆಳತುದಿ, 1 ಎಂದರೆ ಬಲಗೈ. ಇಷ್ಟರವರೆಗೆ ಎಲ್ಲರೂ ಸರಾಗವಾಗಿ ಬರುತ್ತಾರೆ. ಎಡವುವುದು ಕೊನೆಯ ಅಕ್ಷರದಲ್ಲಿ.

ಮುರಿತವಾಗಿ ಮೂರು ವಾರದ ನಂತರ ಕೈಗೆ ಕಟ್ಟಿದ ಪಟ್ಟಿ ತೋರಿಸಲು ಬೇರೆ ಕ್ಲಿನಿಕ್‌ಗೆ ಬಂದ ರೋಗಿಗೂ ಒಬ್ಬಳು 'ಎ' ಹಾಕಿದ್ದಳು. "ಮೇಡಂ, ಈ ವೈದ್ಯರಿಗೆ ಇದು ಮೊದಲ ಭೇಟಿ ಅಲ್ಲವೇ?" ಅಲ್ಲಿ ಲೆಕ್ಕಕ್ಕೆ ಬರುವುದು ಚಿಕಿತ್ಸೆಯ ಹಂತ. ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿದ್ದರೆ 'ಎ', ಮೂಳೆ ಸರಿಯಾಗಿ ಕೂಡಿಕೊಳ್ಳುತ್ತಿದ್ದರೆ 'ಡಿ'. 'ಎ'ಗೆ ಇಟ್ಟಿರುವ 'ಆರಂಭಿಕ ಭೇಟಿ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಆ ಹೆಸರಿಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನನ್ನ ಗೆರೆ ಎಳೆಯುವ ಪಾಠ ನನಗೇ ತಿರುಗಿ ಬಿದ್ದದ್ದೂ ಉಂಟು. ಚಾರ್ಟ್‌ನಲ್ಲಿ ಎರಡನೇ ಬಗೆಯ ಮಧುಮೇಹ, ಮೂರನೇ ಹಂತದ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎರಡೂ ಇದ್ದವು, ಒಂದರಿಂದ ಇನ್ನೊಂದು ಬಂತು ಎಂದು ವೈದ್ಯರು ಬರೆದಿರಲಿಲ್ಲ. ಹುಡುಗನೊಬ್ಬ ತೊಡಕಿಲ್ಲದ ಮಧುಮೇಹದ ಕೋಡ್ ಇ11.9 ಹಾಕಿ, "ನಂಟಿಗೆ ಸಾಕ್ಷಿ ಇಲ್ಲ ಮೇಡಂ" ಎಂದ. ತರಗತಿ ನಕ್ಕಿತು. ನಾನು ನಿಯಮಾವಳಿ ತೆರೆದು, ಕೋಡ್ ಪುಸ್ತಕದ ಸೂಚಿಯಲ್ಲಿ ಮಧುಮೇಹದ ಕೆಳಗೆ 'ಜೊತೆಗೆ' ಎಂಬ ಪದದಡಿ ಬರುವ ಕಾಯಿಲೆಗಳಿಗೆ ನಂಟು ಇದೆ ಎಂದೇ ಹಿಡಿಯಬೇಕು, ವೈದ್ಯರು ಇಲ್ಲ ಎಂದು ಬರೆದಿದ್ದರೆ ಮಾತ್ರ ಬಿಡಬೇಕು ಎಂಬ ಭಾಗವನ್ನು ಅವನಿಂದಲೇ ಓದಿಸಿದೆ. ಅವನು ಇ11.9 ಹೊಡೆದುಹಾಕಿ ಮೊದಲು ಇ11.22 (ಮೂತ್ರಪಿಂಡ ಕಾಯಿಲೆ ಸಹಿತ ಮಧುಮೇಹ), ಅದರ ಕೆಳಗೆ ಎನ್18.30 (ಮೂರನೇ ಹಂತದ ಮೂತ್ರಪಿಂಡ ಕಾಯಿಲೆ) ಎಂದು ಬರೆದ. ಗೆರೆಯನ್ನು ಚಾರ್ಟ್‌ನಿಂದ ಹೊರಗೆ, ಮೇಜಿನ ಮೇಲಿದ್ದ ಪುಸ್ತಕದವರೆಗೂ ಎಳೆದ.