ಕ್ಯಾಮರಾಕ್ಕೆ ಹೆಗಲ ಬ್ಯಾಗ್ ತಗೊಳ್ಳುವ ಮೊದ್ಲು

ಮಾರಾಯ್ರೆ, ದಿನಾ ಕ್ಯಾಮರಾ ಹಿಡ್ಕೊಂಡು ತಿರುಗುವವರು ಬರೀ ಫೋಟೋ ನೋಡಿ ಬ್ಯಾಗ್ ಆರ್ಡರ್ ಮಾಡ್ಬೇಡಿ, ಲೆನ್ಸ್ ಹಾಕಿದ ಕ್ಯಾಮರಾವನ್ನೇ ಅಂಗಡಿಗೆ ತಗೊಂಡೋಗಿ ಒಳಗೆ ಇಟ್ಟು ನೋಡಿ. ನಾನು ಮೊದ್ಲು ದೊಡ್ಡದೇ ತಗೊಂಡದ್ದು, ಜಾಗ ಉಂಟಲ್ಲ ಅಂತ ಎರಡು ಲೆನ್ಸ್, ಫ್ಲಾಶ್, ಚಾರ್ಜರ್, ನೀರಿನ ಬಾಟ್ಲಿ ಎಲ್ಲ ತುಂಬಿಸಿ ಕುಂಬಳೆಯಿಂದ ಬಸ್ಸಲ್ಲಿ ನಿಂತ್ಕೊಂಡು ಬೇಕಲ ಕೋಟೆಗೆ ಹೋಗಿ ಬರುವಷ್ಟರಲ್ಲಿ ಹೆಗಲಲ್ಲಿ ಕೆಂಪು ಬರೆ ಎದ್ದಿತ್ತು. ದೂರದ್ದನ್ನು ಹತ್ತಿರ ತೋರಿಸುವ ಡಿಎಸ್‌ಎಲ್‌ಆರ್‌ನ ದೊಡ್ಡ 70-200 ಎಫ್ 2.8 ಲೆನ್ಸ್ ಒಂದೇ ಸುಮಾರು ಒಂದೂವರೆ ಕಿಲೋ ತೂಗ್ತದೆ, ಅದಕ್ಕೆ ಬೆನ್ನಿನ ಬ್ಯಾಗೇ ಸರಿ. ಹೆಗಲ ಬ್ಯಾಗಿಗೆ ಕ್ಯಾಮರಾ ಬಾಡಿ, ಒಂದು ಸಣ್ಣ ಝೂಮ್ ಲೆನ್ಸ್, ಒಂದು 50 ಎಂಎಂ ಲೆನ್ಸ್, ಎಕ್ಸ್‌ಟ್ರಾ ಬ್ಯಾಟರಿ ಸಾಕು. ಬ್ಯಾಗಿನ ಪಟ್ಟಿ ಅಗಲ ಇರ್ಲಿ, ಅಡ್ಡ ಹಾಕುವಷ್ಟು ಉದ್ದವೂ ಇರ್ಲಿ.

ಇನ್ನು ನಮ್ಮ ಆಟಿ ಮಳೆ. ವಾಟರ್ ರೆಸಿಸ್ಟೆಂಟ್ ಅಂತ ಬರ್ದಿದ್ರೆ ನಂಬಿ ಕೂರ್ಬೇಡಿ, ಬಟ್ಟೆ ನೀರು ತಡೆದ್ರೂ ಜಿಪ್ಪಲ್ಲಿ, ಹೊಲಿಗೆಯಲ್ಲಿ ಒಳಗೆ ಇಳೀತದೆ. ಜಿಪ್ ಮುಚ್ಚುವ ಫ್ಲ್ಯಾಪ್, ಜೊತೆಗೆ ರೈನ್ ಕವರ್ ಬೇಕೇ ಬೇಕು. ಅಡಿಯಲ್ಲಿ ಬೆರಳಿಂದ ಒತ್ತಿ ನೋಡಿ, ನೆಲ ತಾಗುವಷ್ಟು ತೆಳು ಸ್ಪಂಜಾದ್ರೆ ಅಲ್ಲೇ ಬಿಟ್ಟುಬನ್ನಿ. ಮನೆಗೆ ಬಂದ್ಮೇಲೆ ಕ್ಯಾಮರಾವನ್ನು ಒದ್ದೆ ಬ್ಯಾಗಲ್ಲೇ ಇಟ್ರೆ ಲೆನ್ಸಿಗೆ ಫಂಗಸ್ ಹಿಡೀತದೆ, ಹೊರಗೆ ತೆಗ್ದು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿ ಹೋಗದ ಡಬ್ಬಿಯಲ್ಲಿ ಇಡಿ.

ಯಕ್ಷಗಾನದ ಫೋಟೋ ತೆಗೆಯುವವರು ಮಾತ್ರ ವೆಲ್ಕ್ರೋ ಬ್ಯಾಗ್ ಬೇಡ ಆಯ್ತಾ, ಭಾಗವತರು ಮೆಲ್ಲ ಪದ ಎತ್ತುವಾಗ ಬರ್ರ್ ಅಂತ ಎಳೆದ್ರೆ ಮುಂದಿನ ಸಾಲಿನ ಅಜ್ಜಂದಿರೆಲ್ಲ ತಿರುಗಿ ನಿಮ್ಮನ್ನೇ ನೋಡ್ತಾರೆ.